ಐದನೆಯ ಉಪಗ್ರಹ: ಮಂಗಳವಾರದ ವಿಮಾನ

"ಎಂಟು ಉಪಗ್ರಹ ಕಾಣ್ತಿವೆ ಇಬು. ಎಂಟೂ ಗಟ್ಟಿಯಾಗಿವೆ. ಇಳಿಯೋಕೆ ಶುರು ಮಾಡ್ತೀನಿ."

'ಇಬು', ಮೇಡಂ, ಎಂದು ತನ್ನನ್ನು ಕರೆದ ಪೈಲಟ್ ಹರ್ಯಾದಿಯ ದನಿ ರೇಡಿಯೋದಲ್ಲಿ ಕೇಳುತ್ತಲೇ ಇಮೆಲ್ಡಾ ಭೋಕಿ ತಲೆಯೆತ್ತಿ ಕಡಲಿನ ಕಡೆ ನೋಡಿದಳು. ಬೆಳಗಿನ ಬಿಸಿಲಲ್ಲಿ, ತನಿಖೆಗೆಂದು ತರಿಸಿದ ಪುಟ್ಟ ಬಿಳಿ ವಿಮಾನ ಕಣಿವೆಯ ಬಾಯಿಗೆ ಮೂಗು ತೂರಿಸುತ್ತಿತ್ತು.

ಅವಳು ನಿಂತಿದ್ದುದು ವೊಲೊರೊವಾ ದಿಬ್ಬದ ನೆತ್ತಿಯಲ್ಲಿ. ಐದು ತಿಂಗಳ ಹಿಂದೆ, ಒಂದು ಮಂಗಳವಾರ, ಕ್ಯಾಪ್ಟನ್ ಗೋರಿಸ್ ಲೋಡೊನ ವಿಮಾನ ಮಂಜಿನಲ್ಲಿ ಇದೇ ದಿಬ್ಬಕ್ಕೆ ಬಡಿದಿತ್ತು. ಬದುಕಿ ಉಳಿದವನು ಸಹಪೈಲಟ್ ರೆಂಡಿ ಒಬ್ಬನೇ. ತನಿಖೆಗೆಂದು ರಾಜಧಾನಿಯಿಂದ ಬಂದ ಇಮೆಲ್ಡಾಗೆ ಕಾರಣ ಇನ್ನೂ ಸಿಕ್ಕಿರಲಿಲ್ಲ. ಸಿಕ್ಕಿದ್ದು ಒಂದು ದನಿ ಮಾತ್ರ.

ಆ ದನಿ ಅವಳನ್ನು ಬಿಡುತ್ತಿರಲಿಲ್ಲ. ಸ್ನಾನ ಮಾಡುವಾಗ, ಗಂಜಿಗೆ ಉಪ್ಪು ಹಾಕುವಾಗ, ಚರ್ಚಿನಲ್ಲಿ ಮಂಡಿಯೂರಿದಾಗ ಕಿವಿಯೊಳಗೆ ಅದೇ ಓಡುತ್ತಿತ್ತು. ವಿಮಾನದ ದನಿ ಹಿಡಿಯುವ ಪೆಟ್ಟಿಗೆಯಲ್ಲಿ ಉಳಿದಿದ್ದ ಕೊನೆಯ ತುಣುಕು. ಮೊದಲು ಎಚ್ಚರಿಕೆಯ ಕೂಗು. ಆಮೇಲೆ ಗೋರಿಸ್‌ನ ಒಂದು ಉಸಿರು, ನಗುವಿನಂಥ ಉಸಿರು. ಆಮೇಲೆ ಒಂದೇ ಮಾತು: "ಬಿಡು."

ಅದಾದ ಮೇಲೆ ಎಂಜಿನ್ನಿನ ಸದ್ದು ಇದ್ದ ಹಾಗೇ ಇತ್ತು. ಏರಲಿಲ್ಲ, ಇಳಿಯಲಿಲ್ಲ. ನಿಂತೇ ಹೋಯಿತು.

ಸಾಯುವ ಮನುಷ್ಯ ಯಾಕೆ ನಕ್ಕ?

"ನೋನಾ, ಚಳೀಲಿ ನಿಂತಿದೀಯಲ್ಲೇ ಹುಡುಗಿ. ಈ ಕಾಫಿ ಕುಡಿ." ಊರವರೆಲ್ಲ 'ಮಾಮಾ', ಅಮ್ಮ, ಎಂದು ಕರೆಯುವ ಕೆಳಗಿನ ಹಟ್ಟಿಯ ಮುದುಕಿ ವೆಯಾ ಶುಂಠಿ ಕಾಫಿಯ ಲೋಟವನ್ನು ಇಮೆಲ್ಡಾಳ ಪಕ್ಕದಲ್ಲಿದ್ದ ಹುಡುಗಿ ಯೊವಿತಾಳ ಕೈಗಿಟ್ಟಳು. ಸುಟ್ಟು ಕರಕಲಾದ ಮರಗಳ ನಡುವೆ ಊರವರು ನೆಟ್ಟ ಶಿಲುಬೆಯಿತ್ತು. ಅದರ ಬುಡದಲ್ಲಿ ಕರಗಿದ ಮೇಣದ ಬತ್ತಿ, ಎರಡು ಲವಂಗದ ಸಿಗರೇಟು, ಅರ್ಧ ಲೋಟ ತಾಳೆ ಸಾರಾಯಿ. ಮುದುಕಿ ಅದರ ಪಕ್ಕ ಬೇಯಿಸಿದ ಬಾಳೆಕಾಯಿಯನ್ನೂ ಇಟ್ಟಳು. "ಇವತ್ತು ಮಂಗಳವಾರ. ಕ್ಯಾಪ್ಟನ್ ಹಸ್ಕೊಂಡು ಬರ್ತಾನೆ."

ಯೊವಿತಾ ಆ ಮಾತು ಕೇಳಿಸಿಕೊಳ್ಳದವಳಂತೆ ಮುಖ ತಿರುಗಿಸಿದಳು.

ಊರಿಗೆ ಊರೇ ಬೆರಳು ತೋರಿಸುತ್ತಿದ್ದುದು ಈ ಹುಡುಗಿಯ ಕಡೆಗೆ. ಕಡಲಾಚೆಯ ಕುಪಾಂಗ್ ನಗರದಿಂದ ವಿಮಾನ ಹೊರಡುವ ಮುನ್ನ ಆಕಾಶ ನೋಡಿ ಹೇಳುವುದು ಅವಳ ಕೆಲಸ. ಮೋಡದ ಆಕಾಶವಲ್ಲ, ಉಪಗ್ರಹಗಳ ಆಕಾಶ. ವಿಮಾನ ಇಲ್ಲಿ ಇಳಿಯುವ ಹೊತ್ತಿಗೆ ಈ ಕಣಿವೆಯ ಮೇಲೆ ಎಷ್ಟು ಉಪಗ್ರಹ ಇರುತ್ತವೆ, ನಂಬುವ ಹಾಗಿರುತ್ತವೆಯೇ ಎಂದು ಮೊದಲೇ ಲೆಕ್ಕ ಹಾಕಬೇಕು. ದಾರಿ ತೋರಿಸಲು ನಾಲ್ಕು ಸಾಕು. ಆ ನಾಲ್ಕರಲ್ಲಿ ಒಂದು ಸುಳ್ಳು ಹೇಳುತ್ತಿದೆಯೇ ಎಂದು ತಿಳಿಯಲು ಐದನೆಯದು ಬೇಕು. ಐದನೆಯದು ಇಲ್ಲದಿದ್ದರೆ ಮಂಜಿನಲ್ಲಿ ಕುರುಡಾಗಿ ಇಳಿಯುವ ಹಾಗಿಲ್ಲ. ಇಳಿಯುವಾಗಲೇ ಅದು ಕೈಕೊಟ್ಟರೆ ಎಚ್ಚರಿಕೆ ಕೂಗುತ್ತದೆ. ಕೂಗಿದ ಕ್ಷಣವೇ ಎಂಜಿನ್ನಿಗೆ ಬಲ ಕೊಟ್ಟು ಮೇಲಕ್ಕೆ ಹತ್ತಬೇಕು. ಎರಡನೆಯ ಯೋಚನೆ ಇಲ್ಲ.

"ಕ್ಯಾಪ್ಟನ್ ದಿನಾ ಬೆಳಿಗ್ಗೆ ಬಂದು ಕೇಳೋರು," ಎಂದಿದ್ದಳು ಯೊವಿತಾ, ಮೊದಲ ವಿಚಾರಣೆಯ ದಿನ. "'ಯೊವಿ, ಐದನೆಯವನು ಬಂದಿದ್ದಾನಾ?' ಅಂತ. ಅವತ್ತೂ ಕೇಳಿದ್ರು. ನೋಡಿದೀನಿ ಇಬು. ಎಲ್ಲಾ ಇದ್ವು. ಈಗಲೂ ಬಾಗಿಲು ಕಿರ್ ಅಂದ್ರೆ ಸಾಕು, ಅವರೇ ಕೇಳಿದ ಹಾಗಾಗುತ್ತೆ. ಒಬ್ಬಳೇ ಕೂತಿದ್ರೂ 'ಬಂದಿದ್ದಾನೆ ಕ್ಯಾಪ್ಟನ್' ಅಂದ್ಬಿಡ್ತೀನಿ."

ರೆಂಡಿಯ ಹೇಳಿಕೆ ಬೇರೆ. ಆಸ್ಪತ್ರೆಯ ಹಾಸಿಗೆಯಲ್ಲಿ, ಕಾಲಿಗೆ ಕಬ್ಬಿಣದ ಸರಳು ಹಾಕಿಸಿಕೊಂಡು, ಕಣ್ಣೀರು ಒರೆಸಿಕೊಳ್ಳುತ್ತ ಅವನು ಹೇಳಿದ್ದ: "ಆ ಹುಡುಗಿ ಏನೂ ನೋಡ್ಲಿಲ್ಲ. ಸುಮ್ನೆ ಸರಿ ಇದೆ ಅಂದ್ಳು. ಎಚ್ಚರಿಕೆ ಬಂದಾಗ ವಿಮಾನ ಕ್ಯಾಪ್ಟನ್ ಕೈಲಿತ್ತು. ಅವರೂ 'ಬಿಡು' ಅಂದ್ರು. ಏನೂ ಆಗಲ್ಲ ಬಿಡು ಅನ್ನೋ ಹಾಗೆ."

ಜನ ನಂಬಿದರು. ಸತ್ತವನ ಉಡಾಫೆ, ಹುಡುಗಿಯ ಸೋಮಾರಿತನ. ಕಂಪನಿಗೂ ಅದೇ ಬೇಕಾಗಿತ್ತು. ರೆಂಡಿ ಕಂಪನಿ ಮಾಲೀಕರ ಅಳಿಯ.

ವಿಮಾನ ತಲೆಯ ಮೇಲೆ ಬಂತು. ಬಿಳಿಯ ಹೊಟ್ಟೆ ಮಿಂಚಿ, ದಿಬ್ಬ ದಾಟಿ, ಪಟ್ಟಣದ ಕಡೆ ಇಳಿದು ಮತ್ತೆ ಮೇಲಕ್ಕೆದ್ದಿತು.

"ಎಲ್ಲಾ ಸರಿಯಾಗಿತ್ತು ಇಬು," ಹರ್ಯಾದಿ ಹೇಳಿದ. "ಒಂದೂ ಅಲುಗಾಡ್ಲಿಲ್ಲ."

"ಇಲ್ಲೇ ಹೋಗಿದ್ದು ಅವತ್ತು," ಎಂದಿತು ಇನ್ನೊಂದು ದನಿ. ಅದು ರೆಂಡಿ. ಕೋಲೂರಿಕೊಂಡು ಬಂದು, ಆ ದಿನ ಏನೇನಾಯಿತೆಂದು ಜಾಗದಲ್ಲೇ ತೋರಿಸುತ್ತೇನೆಂದು ತಾನಾಗಿಯೇ ಹರ್ಯಾದಿಯ ಬಲಗಡೆ ಕೂತಿದ್ದ. "ಮುದುಕಿ ಮನೆ ಚಾವಣಿ ಕಾಣ್ತಲ್ಲ, ಅಲ್ಲಿಂದಾಚೆಗೆ."

"ಇನ್ನೊಂದು ಸಲ ಬನ್ನಿ," ಎಂದಳು ಇಮೆಲ್ಡಾ.

ವಿಮಾನ ಕಡಲಿನತ್ತ ತಿರುಗಿತು.

*

ದಿಬ್ಬದ ತಿರುವಿನಲ್ಲಿ ಜೀಪು ನಿಂತಿತ್ತು. ಈ ಮಣ್ಣಿನ ದಾರಿ ಹತ್ತುವ ಗಾಡಿ ಪಟ್ಟಣದಲ್ಲಿ ಅದೊಂದೇ. ಓಡಿಸುವವನು ಬೆರ್ತುಸ್ ಲೋಡೊ, ಸತ್ತ ಕ್ಯಾಪ್ಟನ್ನನ ತಮ್ಮ. ಬೇಡವೆಂದರೂ ಬಾಡಿಗೆ ಅರ್ಧಕ್ಕೆ ಇಳಿಸಿ ದಿನಾ ತಾನೇ ಬರುತ್ತಿದ್ದ. ಮಾತು ಕಡಿಮೆ. ಅಡಿಕೆ ಜಗಿದು ಕೆಂಪಾದ ಹಲ್ಲು, ನಿದ್ದೆ ಕಾಣದ ಕಣ್ಣು.

"ಗಾಳಿ ಕೊರೀತಿದೆ. ಒಳಗೆ ಕೂತ್ಕೋ ನೋನಾ," ಎಂದು ಅವನು ಯೊವಿತಾಗೆ ಬಾಗಿಲು ತೆಗೆದುಕೊಟ್ಟ. ತಾನೂ ಹತ್ತಿ ಕೂತು ಕೀಲಿ ತಿರುಗಿಸಿದ. ಹಳೇ ಕ್ಯಾಸೆಟ್ಟಿನಿಂದ ಚರ್ಚಿನ ಗಾಯನ ತೇಲಿ ಬಂತು.

ಇಮೆಲ್ಡಾ ಶಿಲುಬೆಯ ಹತ್ತಿರವೇ ನಿಂತಳು. "ಮಾಮಾ, ಪ್ರತಿ ಮಂಗಳವಾರ ವಿಮಾನ ಕೇಳಿಸುತ್ತೆ ಅಂದ್ರಲ್ಲ. ನಿಜವಾಗ್ಲೂ ಕೇಳಿಸುತ್ತಾ, ಇಲ್ಲಾ ನಿಮ್ಮ ಮನಸ್ಸಿಗೆ ಅನ್ಸುತ್ತಾ?"

"ನನ್ನ ಕಿವಿ ಇನ್ನೂ ಚೆನ್ನಾಗಿದೆ ಮಗಳೇ. ಮಂಜು ಕವಿದ ದಿನ ಬರ್ತಾನೆ. ನನ್ನ ಚಾವಣಿ ತನಕ ಬರ್ತಾನೆ. ಆಮೇಲೆ ಗರ್ ಅಂತ ಕೂಗಿ ಮೇಲಕ್ಕೆ ಹೋಗ್ಬಿಡ್ತಾನೆ. ಇಳಿಯಲ್ಲ. ಇಳಿಯೋಕೆ ಆಗಲ್ಲ ಅವನಿಗೆ, ಪಾಪ. ಹಂದಿಗಳು ಕೂಡ ಸುಮ್ಮನಾಗ್ತವೆ."

"ಬಂದು ವಾಪಸ್ ಹೋಗ್ತಾನೆ?"

"ಪ್ರತಿ ಸಲ."

ಕುಪಾಂಗ್‌ನ ಪೈಲಟ್‌ಗಳೂ ಇಂಥದ್ದೇ ಹೇಳಿದ್ದರು. ವಾರದ ವಿಮಾನ ಈಗ ಬೇರೆ ಕಂಪನಿಯದು, ಬರುವುದು ಮಂಗಳವಾರವೇ. ವೊಲೊರೊವಾ ಹತ್ತಿರ ಬಂದರೆ ಉಪಗ್ರಹಗಳು ಮಾಯವಾಗುತ್ತವೆ ಎಂದು ಅವರು ಶಿಲುಬೆಯ ಗುರುತು ಮಾಡಿಕೊಳ್ಳುತ್ತಿದ್ದರು. ಬಿಸಿಲಿದ್ದರೆ ಕಣ್ಣಳತೆಯಲ್ಲಿ ಇಳಿಯುತ್ತಿದ್ದರು, ಮಂಜಿದ್ದರೆ ತಿರುಗಿ ಹೋಗುತ್ತಿದ್ದರು. 'ಗೋರಿಸ್ ಕದೀತಾನೆ. ತನಗೆ ಸಿಗದೆ ಹೋದದ್ದು ನಮಗೂ ಸಿಗಬಾರದು ಅಂತ,' ಎಂದಿದ್ದ ಒಬ್ಬ. ಯಾರೂ ನಕ್ಕಿರಲಿಲ್ಲ.

ಅವಳು ಅಂಗೈಯಗಲದ ಉಪಗ್ರಹ ಯಂತ್ರವನ್ನು ಚೀಲದಿಂದ ತೆಗೆದಳು. ಒಂದೊಂದು ಉಪಗ್ರಹಕ್ಕೆ ಒಂದೊಂದು ಹಸಿರು ಗೆರೆ. ಆಗಷ್ಟೇ ಎಂಟು ಗೆರೆ ನಿಂತಿದ್ದ ಪರದೆಯಲ್ಲಿ ಈಗ ಒಂದೂ ಇರಲಿಲ್ಲ.

ಅದೇ ಗಳಿಗೆಗೆ ರೇಡಿಯೋ ಕೂಗಿತು. "ಇಬು! ಹೋಯ್ತು. ಎಲ್ಲಾ ಹೋಯ್ತು. ಎಚ್ಚರಿಕೆ ಕೂಗ್ತಿದೆ. ಮೇಲೆ ಹತ್ತಿಸ್ತಿದೀನಿ."

ಕಣಿವೆಯಲ್ಲಿ ಎಂಜಿನ್ನು ಗರ್ಜಿಸಿತು. ವಿಮಾನ ಮೂಗೆತ್ತಿ ಕಡಲಿನತ್ತ ವಾಲಿತು. ಮುದುಕಿ ಎದೆಯ ಮೇಲೆ ಕೈಯಿಟ್ಟುಕೊಂಡು, "ಇದೇ ಸದ್ದು," ಎಂದಳು.

ಇಮೆಲ್ಡಾ ಕದಲಲಿಲ್ಲ. ಕಣ್ಣು ಮುಚ್ಚಿ ಯೋಚಿಸಿದಳು. ಮೊದಲ ಸಲಕ್ಕೂ ಎರಡನೆಯ ಸಲಕ್ಕೂ ಏನು ಬದಲಾಯಿತು? ಬಿಸಿಲು ಅದೇ. ದಿಬ್ಬ ಅದೇ. ಪೈಲಟ್ ಅವನೇ. ಮತ್ತೇನು?

ಹಾಡು. ಮೊದಲ ಸಲ ಹಾಡು ಇರಲಿಲ್ಲ.

ಯಂತ್ರವನ್ನು ಹಿಡಿದುಕೊಂಡೇ ಅವಳು ಜೀಪಿನ ಹತ್ತಿರ ಹೋದಳು. "ಬೆರ್ತುಸ್, ಹಾಡು ನಿಲ್ಲಿಸು. ರೇಡಿಯೋ ಕೇಳಿಸ್ತಿಲ್ಲ."

ಅವನು ಕೀಲಿ ತಿರುಗಿಸಿದ. ಗಾಯನ ನಿಂತಿತು. ಅವಳ ಅಂಗೈಯಲ್ಲಿ ಹಸಿರು ಗೆರೆಗಳು ಒಂದೊಂದಾಗಿ ಎದ್ದು ನಿಂತವು, ದೇವರ ಮುಂದೆ ಮಂಡಿಯೂರಿದ್ದವರು ಏಳುವ ಹಾಗೆ.

"ಈಗ ಹಾಕು."

ಅವನು ಅವಳ ಮುಖ ನೋಡಿದ. ಅವಳಿಗೆ ಗೊತ್ತಾಗಿದೆ ಎಂದು ಅವನಿಗೂ ಗೊತ್ತಾಯಿತು. ಆದರೂ ಹಾಕಿದ. ಗೆರೆಗಳು ಬಿದ್ದವು.

"ಇಬು, ಏನಾಗ್ತಿದೆ?" ಯೊವಿತಾ ಕೇಳಿದಳು.

"ಕೆಳಗಿಳಿ ಯೊವಿತಾ."

ರೇಡಿಯೋದಲ್ಲಿ ಹರ್ಯಾದಿ ಕೇಳಿದ: "ಮೂರನೆಯ ಸಲ ಬರ್ಲಾ ಇಬು? ಕೆಳಗಿಂದ ಮೋಡ ಹತ್ತೋ ಹಾಗಿದೆ. ಬಂದ್ರೆ ಈಗಲೇ ಬರ್ಬೇಕು."

"ಬನ್ನಿ. ಈ ಸಲ ಒಂದೂ ಹೋಗಲ್ಲ."

ಅವಳು ಬಗ್ಗಿ ಸ್ಟೇರಿಂಗಿನ ಕೆಳಗೆ ಕೈ ಹಾಕಿದಳು. ಟೇಪು ಸುತ್ತಿದ, ಸಾಬೂನಿನ ಗಾತ್ರದ ಕರಿ ಡಬ್ಬಿ ಸಿಕ್ಕಿತು. ಮೂರು ಮೋಟು ಕೊಂಬು. ಎರಡು ತಂತಿ ಕೀಲಿಯ ಹಿಂದಕ್ಕೆ ಹೋಗಿದ್ದವು. ಕಿತ್ತಳು.

*

"ಲಾರಿಯವರ ಡಬ್ಬಿ," ಎಂದ ಬೆರ್ತುಸ್, ಜೀಪಿನ ಮೆಟ್ಟಿಲ ಮೇಲೆ ಕುಸಿದು ಕೂತು. "ಬಂದರಿನಲ್ಲಿ ಸಿಗುತ್ತೆ. ಹತ್ತಿರದಲ್ಲಿ ಉಪಗ್ರಹದ ಸಿಗ್ನಲ್ ಸಿಗದ ಹಾಗೆ ಮಾಡುತ್ತೆ. ಲಾರಿ ಎಲ್ಲಿ ತಿರುಗ್ತಿದೆ ಅಂತ ಮಾಲೀಕನಿಗೆ ಕಾಣಬಾರದು, ಅದಕ್ಕೆ ಹಾಕ್ಕೊಳ್ತಾರೆ."

"ನೀನು ಯಾಕೆ ಹಾಕ್ಕೊಂಡೆ?"

"ನಾನಲ್ಲ ಇಬು. ಅಣ್ಣ ಕಟ್ಟಿದ್ದು. ಅವನ ಕೈಯಾರೆ."

"ಥೂ!" ಯೊವಿತಾ ಅವನ ಮುಂದೆ ಬಂದು ನಿಂತಳು. ಐದು ತಿಂಗಳ ಸಿಟ್ಟು ಒಟ್ಟಿಗೇ ಉಕ್ಕಿತು. "ಸತ್ತೋರ ಮೇಲೆ ಹಾಕಿದ್ರೆ ಎದ್ದು ಬಂದು ಕೇಳಲ್ಲ ಅಂತ ಧೈರ್ಯನಾ? ನಿನ್ನಿಂದ ನನ್ನ ಮುಖಕ್ಕೆ ಜನ ಉಗಿದ್ರು. ನಮ್ಮಪ್ಪ ಚರ್ಚಿಗೆ ಹೋಗೋದು ಬಿಟ್ಟ. ದಿನಾ ಜೀಪಲ್ಲಿ ಕೂರಿಸ್ಕೊಂಡು ಹೋಗ್ತಿದ್ಯಲ್ಲೋ, 'ಹುಷಾರು ನೋನಾ' ಅಂತ ಬಾಗಿಲು ತೆಗೀತಿದ್ಯಲ್ಲೋ!"

"ನಮ್ಮಮ್ಮನಾಣೆ ನೋನಾ. ಅಣ್ಣನೇ ಕಟ್ಟಿದ್ದು."

"ಬಿಡಿಸಿ ಹೇಳು," ಎಂದಳು ಇಮೆಲ್ಡಾ. ದನಿ ಏರಿಸಲಿಲ್ಲ.

ಅವನು ಬಾಯಲ್ಲಿದ್ದ ಅಡಿಕೆ ಉಗಿದ. ಹೇಳತೊಡಗಿದ ಮೇಲೆ ನಿಲ್ಲಿಸಲಿಲ್ಲ.

"ಅಣ್ಣನ ಪಕ್ಕ ಕೂರೋನಿದ್ದಾನಲ್ಲ, ಅವನು ಎಚ್ಚರಿಕೆ ಕೂಗಿದ್ರೂ ಇಳಿಸೋನಂತೆ. ಎರಡು ಸಲ ಹಂಗೇ ಮಾಡಿದ್ದ. ಅಣ್ಣ ಕಂಪನಿಗೆ ಹೇಳ್ದ. ಮಾಲೀಕರ ಅಳಿಯನ ಮೇಲೆ ದೂರು ಯಾರು ಕೇಳ್ತಾರೆ? 'ನಿನಗೆ ವಯಸ್ಸಾಯ್ತು ಗೋರಿಸ್, ಹೆದರಿಕೆ ಶುರುವಾಗಿದೆ, ಮನೇಲಿ ಕೋಳಿ ಸಾಕು' ಅಂದ್ರಂತೆ. ಆ ಮಾತು ಅವನಿಗೆ ಮುಳ್ಳಾಯ್ತು. ಮನೆಗೆ ಬಂದು ಅಂದ, 'ಬೆರ್ತುಸ್, ಮನುಷ್ಯರು ಸುಳ್ಳು ಹೇಳ್ತಾರೆ, ದನಿ ಹಿಡಿಯೋ ಪೆಟ್ಟಿಗೆ ಹೇಳಲ್ಲ. ಅವನು ಹಾರಿಸ್ತಿರುವಾಗ ಎಚ್ಚರಿಕೆ ಕೂಗೋ ಹಾಗೆ ಮಾಡೋಣ. ತಿರುಗಿಸಿದ್ರೆ ಸರಿ. ತಿರುಗಿಸದಿದ್ರೆ ಆ ದನೀನ ಸರ್ಕಾರದ ಮುಂದೆ ಇಡ್ತೀನಿ.'"

"ಒಳಗೆ ಜನ ಕೂತಿರುವಾಗ?"

"ಬಿಸಿಲಿನ ದಿನ ಇಬು! ಕಣ್ಣಿಗೆ ನೆಲ ಕಾಣೋ ದಿನ. ಅವನು ತಪ್ಪು ಮಾಡಿದ್ರೆ ಅಣ್ಣ ಕೈ ಹಾಕಿ ಮೇಲೆತ್ತೋನು. ಮಾತು ಹಂಗೇ ಆಗಿತ್ತು. ಅವತ್ತು ಕುಪಾಂಗ್ ಬಿಡುವಾಗ ಫೋನ್ ಮಾಡ್ದ. 'ಅಲ್ಲಿ ಹೇಗಿದೆ?' ಅಂದ. ನಾನು ಇಲ್ಲೇ ನಿಂತಿದ್ದೆ. ತೊಳೆದಿಟ್ಟ ತಟ್ಟೆ ಹಂಗಿತ್ತು ಆಕಾಶ. 'ಒಂದು ಚೂರು ಮೋಡ ಇಲ್ಲ ಅಣ್ಣ' ಅಂದೆ. 'ಹಾಗಾದ್ರೆ ಇವತ್ತೇ. ನನ್ನ ಸದ್ದು ಕೇಳಿದ ಕೂಡ್ಲೇ ಕೀಲಿ ಹಾಕು' ಅಂದ."

ಅವನು ಕಣಿವೆಯ ಕಡೆ ನೋಡಿದ. ಕೆಳಗಿನ ಬಿದಿರು ಮೆಳೆ ಆಗಲೇ ಕಾಣುತ್ತಿರಲಿಲ್ಲ. ಬಿಳಿ ಮಂಜು ಕಾಲಿಲ್ಲದ ದನಗಳ ಹಾಗೆ ದಿಬ್ಬ ಹತ್ತುತ್ತಿತ್ತು.

"ಹಿಂಗೇ ಬಂತು," ಎಂದ. "ಎಲ್ಲಿಂದ ಬಂತೋ. ಫೋನ್ ಮಾಡ್ದೆ. ಮೇಲಿದ್ದೋನಿಗೆ ಎಲ್ಲಿ ಸಿಗ್ಬೇಕು? ನನ್ನ ಕೈ ನನಗೇ ಕಾಣ್ತಿರ್ಲಿಲ್ಲ. ಆಮೇಲೆ ಸದ್ದು ಕೇಳ್ತು. ಹಾಕ್ಲಾ, ಬೇಡ್ವಾ? ಹಾಕ್ಲಾ, ಬೇಡ್ವಾ? ಚಿಕ್ಕಂದಿನಿಂದ ಅಣ್ಣ ಅಂದಿದ್ದನ್ನ ಮೀರಿದೋನಲ್ಲ ನಾನು. ಅವನೇ ಪಕ್ಕದಲ್ಲಿ ಕೂತಿದಾನಲ್ಲ, ನೋಡ್ಕೊಳ್ತಾನೆ ಅಂದ್ಕೊಂಡೆ. ಹಾಕಿದೆ."

ಮಾಮಾ ವೆಯಾ ಶಿಲುಬೆಯ ಹತ್ತಿರ ಕೂತು ಬಾಯೊಳಗೇ ಏನೋ ಜಪಿಸುತ್ತಿದ್ದಳು.

"ಆಮೇಲೂ ಮಂಗಳವಾರ ಮಂಗಳವಾರ ಬಂದೆ," ಎಂದಳು ಇಮೆಲ್ಡಾ. "ಕೀಲಿ ಹಾಕಿದೆ. ಯಾಕೆ?"

ಬೆರ್ತುಸ್ ಮೊದಲ ಸಲ ಅವಳ ಕಣ್ಣಲ್ಲಿ ಕಣ್ಣಿಟ್ಟ.

"ಅವರು ವಾಪಸ್ ಹೋಗ್ತಾರೆ ಇಬು. ಮಂಜಿದ್ದ ದಿನ ಪ್ರತಿ ಸಲ ವಾಪಸ್ ಹೋಗ್ತಾರೆ. ಮೊನ್ನೆ ಮೊನ್ನೆ ಕಲಿತ ಹುಡುಗ್ರು ಕೂಡ ಗರ್ ಅಂತ ಎತ್ಕೊಂಡು ಹೋಗ್ತಾರೆ. ಅದನ್ನ ಕೇಳೋಕೇ ಬರ್ತೀನಿ. ಕೇಳಿದ ಮೇಲೆ ಒಂದು ವಾರ ಹೆಂಗೋ ಉಸಿರಾಡ್ತೀನಿ." ಅವನು ಶಿಲುಬೆಯ ಕಡೆ ಕೈ ತೋರಿಸಿದ. "ಹಾಗಾದ್ರೆ ನನ್ನಣ್ಣ ಯಾಕೆ ಹೋಗ್ಲಿಲ್ಲ? ಅಷ್ಟು ಹೇಳಿ ನನಗೆ. ಆಮೇಲೆ ಬೇಕಾದ್ರೆ ಜೈಲಿಗೆ ಹಾಕಿ."

ಇಮೆಲ್ಡಾಳ ಕಿವಿಯೊಳಗೆ ಆ ತುಣುಕು ಮತ್ತೆ ಓಡಿತು. ಎಚ್ಚರಿಕೆಯ ಕೂಗು. ನಗುವಿನಂಥ ಉಸಿರು: ಅಂದುಕೊಂಡ ಹಾಗೇ ಆಯಿತು ಎನ್ನುವವನ ಉಸಿರು. ಆಮೇಲೆ...

"ಅವತ್ತು ವಿಮಾನ ಹಾರಿಸ್ತಿದ್ದೋನು ಯಾರು?" ಗೊತ್ತಿದ್ದೂ ಕೇಳಿದಳು.

"ರೆಂಡಿ. ಅವನ ಕೈಗೆ ಕೊಡ್ತೀನಿ ಅಂತ ಫೋನಲ್ಲೇ ಅಂದಿದ್ದ. ಅದಕ್ಕೇ ತಾನೇ ಇದೆಲ್ಲಾ?"

'ಬಿಡು.' ಏನೂ ಆಗಲ್ಲ ಬಿಡು ಎಂದಲ್ಲ. ಹಿಡಿ ಬಿಡು. ನನ್ನ ಕೈಗೆ ಕೊಡು. ಗೋರಿಸ್ ಕೇಳಿದ್ದ, ರೆಂಡಿ ಕೊಡಲಿಲ್ಲ. ಎಂಜಿನ್ನು ಏರದೆ ಹೋದದ್ದು ಅದಕ್ಕೇ. ಇಷ್ಟು ದಿನ ಸತ್ತವನು ಅವಳ ಕಿವಿಯಲ್ಲಿ ಇದನ್ನೇ ಹೇಳುತ್ತಿದ್ದ. ಅವಳು ಅದನ್ನು ಬದುಕಿದವನ ಅರ್ಥದಲ್ಲಿ ಕೇಳಿಸಿಕೊಂಡಿದ್ದಳು.

"ಇಬು," ಯೊವಿತಾಳ ದನಿ ಸಣ್ಣಗಾಗಿತ್ತು. "ಆ ರೆಂಡಿ ಈಗ..."

ಇಮೆಲ್ಡಾ ಆಗಲೇ ರೇಡಿಯೋ ಬಾಯಿಗೆ ಹಿಡಿದಿದ್ದಳು. ಮಂಜು ಶಿಲುಬೆಯನ್ನು ನುಂಗಿ ಜೀಪಿನ ಮೂಗಿಗೆ ಬಂದಿತ್ತು. ಕಡಲು ಇಲ್ಲ, ಕಣಿವೆ ಇಲ್ಲ. ದೂರದಲ್ಲಿ ಎಂಜಿನ್ನಿನ ಗುಂಯ್ ಮಾತ್ರ.

"ಹರ್ಯಾದಿ! ಇಳೀಬೇಡಿ. ಮೇಲೆ ಹತ್ತಿ, ಸೀದಾ ಕುಪಾಂಗ್‌ಗೆ ಹೋಗಿ. ವಿಮಾನ ನಿಮ್ಮ ಕೈಯಲ್ಲೇ ಇರ್ಲಿ. ಕೇಳಿಸ್ತಾ?"

ಗರಗರ.

"ಹರ್ಯಾದಿ!"

ಯಾರೋ ಗುಂಡಿ ಒತ್ತಿದ ಸದ್ದು. ಆಮೇಲೆ ದನಿ ಬಂತು, ನಿಧಾನವಾಗಿ, ಮೆತ್ತಗೆ, ಆಸ್ಪತ್ರೆಯಲ್ಲಿ ಕಣ್ಣೀರು ಒರೆಸಿಕೊಂಡ ದನಿ.

"ನೀವಂದದ್ದು ನನಗೂ ಕೇಳಿಸ್ತು ಇಬು. ಹರ್ಯಾದಿ ಅವರು ಈಗ ಮಾತಾಡೋ ಸ್ಥಿತೀಲಿಲ್ಲ, ವಿಮಾನ ನನ್ನ ಕೈಲಿದೆ. ಉಪಗ್ರಹ ಮತ್ತೆ ಹೋಯ್ತು ನೋಡಿ. ಎಚ್ಚರಿಕೆ ಕೂಗ್ತಿದೆ. ಅವತ್ತಿನ ಹಂಗೇ. ನಾನು ಹೇಳಿರ್ಲಿಲ್ವಾ?"

ಕಿತ್ತ ಡಬ್ಬಿ ಇಮೆಲ್ಡಾಳ ಎಡಗೈಯಲ್ಲಿ ತಂತಿ ನೇತಾಡಿಸಿಕೊಂಡು ಸತ್ತು ಬಿದ್ದಿತ್ತು. ಯೊವಿತಾ ಉಪಗ್ರಹ ಯಂತ್ರವನ್ನು ಎತ್ತಿ ಅವಳ ಮುಖದ ಮುಂದೆ ಹಿಡಿದಳು. ಹಸಿರು ಗೆರೆಗಳು ಎಂಟೂ ನೆಟ್ಟಗೆ ನಿಂತಿದ್ದವು.

"ಸುಳ್ಳು," ಎಂದಳು ಯೊವಿತಾ. "ಇಬು, ಅವನು ಸುಳ್ಳು ಹೇಳ್ತಿದ್ದಾನೆ."

ಬೆರ್ತುಸ್ ಎದ್ದು ನಿಂತ. ತಲೆ ವಾಲಿಸಿ, ಐದು ತಿಂಗಳಿಂದ ಕಿವಿ ತೀಡಿಕೊಂಡವನ ಹಾಗೆ ಮಂಜನ್ನು ಆಲಿಸಿದ.

"ಮೇಲೆ ಹತ್ತುತ್ತಿಲ್ಲ," ಎಂದ. "ಓಡಿ. ಮಾಮಾನ ಎತ್ಕೊಳ್ಳಿ, ಓಡಿ!"

ಮಂಜಿನೊಳಗಿನ ಸದ್ದು ಮುದುಕಿಯ ಚಾವಣಿಯನ್ನು ದಾಟಿ, ಒಂದೇ ಸಮನಾಗಿ, ಅವರು ನಿಂತಲ್ಲಿಗೇ ಬರುತ್ತಿತ್ತು.